ಹಂಚಿದ ಲೆಕ್ಕ, ಕೂಡಿದ ಫಲ

ಮಹಾಯಂತ್ರವಿಲ್ಲದೆ ಸಂಖ್ಯಾಶಾಸ್ತ್ರದ ದೊಡ್ಡ ಲೆಕ್ಕಗಳು ಸಾಗವೆಂದು ಹೇಳುವವರುಂಟು. ಈ ಮಾತನ್ನು ನಾವು ಒಪ್ಪಲಾರೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ವೂ ಒಂಟಿ ಯಂತ್ರವಲ್ಲ, ಜಾಲದಿಂದ ಬೆಸೆದ ಅನೇಕ ಗಣಕಯಂತ್ರಗಳ ಸಮೂಹವು. ‘ಆರ್’ ಎಂಬ ಉಚಿತ ತಂತ್ರಾಂಶದಲ್ಲಿಯೂ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚುವ ಸಾಧನವು 2011ರಿಂದ ಅಡಕವಾಗಿರುವುದು. ಆದಕಾರಣ ಶಾಲೆಯೊಂದರ ನಾಲ್ಕು ಹಳೆಯ ಯಂತ್ರಗಳನ್ನು ಜೋಡಿಸಿದರೂ ಈ ವಿದ್ಯೆಯನ್ನು ಕಲಿಯಬಹುದು.

ಆದರೆ ಹಂಚುವುದಕ್ಕೆ ವಿವೇಕವು ಬೇಕು. ಸಾಂಬ್ರಾಣಿಯ ಸುತ್ತಣ ಸಮಾನ ವಿಸ್ತೀರ್ಣದ 400 ಭತ್ತದ ಗದ್ದೆಗಳ ಇಳುವರಿಯನ್ನು ಎರಡು ಯಂತ್ರಗಳಿಗೆ ಒಪ್ಪಿಸಿದೆವೆಂದು ಭಾವಿಸೋಣ. ಒಂದು ಯಂತ್ರವು 300 ಗದ್ದೆಗಳಿಗೆ ಸರಾಸರಿ 10 ಚೀಲವೆಂದೂ, ಮತ್ತೊಂದು 100 ಗದ್ದೆಗಳಿಗೆ ಸರಾಸರಿ 14 ಚೀಲವೆಂದೂ ತಿಳಿಸಿತು. ಒಟ್ಟು ಸರಾಸರಿ 12 ಎಂದು ಬರೆದರೆ ಅದು ತಪ್ಪು; 4,400 ಚೀಲಗಳನ್ನು 400ರಿಂದ ಭಾಗಿಸಿದಾಗ ಬರುವುದು 11. ಪ್ರತಿಯೊಂದು ಯಂತ್ರವೂ ಸರಾಸರಿಯನ್ನಲ್ಲ, ಮೊತ್ತವನ್ನೂ ಎಣಿಕೆಯನ್ನೂ ಮರಳಿಸಬೇಕು. ಮುಖ್ಯ ಬೆಳೆಗಳ ವಿಮೆಯ ಪರಿಹಾರವು ಗ್ರಾಮ ಪಂಚಾಯತಿಯ ಸರಾಸರಿ ಇಳುವರಿಯನ್ನು ನೋಡಿಯೇ ನಿರ್ಣಯವಾಗುವುದರಿಂದ, ಹೀಗೆ ಏರಿದ ಒಂದು ಚೀಲವು ರೈತನ ಮನೆಯ ಅನ್ನಕ್ಕೇ ಎರವಾಗಬಹುದು.

ಮತ್ತೊಂದು ಎಚ್ಚರಿಕೆ: ಯಾದೃಚ್ಛಿಕ ಸಂಖ್ಯೆಗಳಿಂದ ಪರೀಕ್ಷೆ ನಡೆಸುವಾಗ ಎಲ್ಲ ಯಂತ್ರಗಳೂ ಒಂದೇ ಬೀಜಸಂಖ್ಯೆಯಿಂದ ಆರಂಭಿಸಿದರೆ, ನಾಲ್ವರು ಬಾಲಿಕೆಯರು ಒಬ್ಬಳ ಉತ್ತರವನ್ನೇ ನಕಲು ಮಾಡಿದಂತಾಗುವುದು.

ಆದುದರಿಂದ ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ಹೊಸ ಯಂತ್ರವನ್ನು ಕೊಳ್ಳುವ ಮೊದಲು ಲೆಕ್ಕವನ್ನು ಸರಿಯಾಗಿ ಹಂಚಿ ಸರಿಯಾಗಿ ಕೂಡಿಸುವ ಬುದ್ಧಿಯನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸೋಣ. ಯಂತ್ರವು ಹಳತಾಗುವುದು, ಆ ಬುದ್ಧಿಯು ಹಳತಾಗದು.