ಸಿಗದೇ ಇದ್ದ ಡಬ್ಬಿ

ಜಿಯೋಕ್ಯಾಶಿಂಗ್ ಗೊತ್ತಲ್ಲ? ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅಕ್ಷಾಂಶ-ರೇಖಾಂಶ ಹಾಕ್ತಾರೆ. ನಾವು ಜಿಪಿಎಸ್ ಹಿಡ್ಕೊಂಡು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಬರೋದು. 2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ಬೆರೆಸ್ತಿದ್ದ ದೋಷ ನಿಲ್ಲಿಸಿತು. ಮಾರನೇ ದಿನವೇ ಡೇವ್ ಉಲ್ಮರ್ ಅನ್ನೋರು ಆರೆಗಾನ್‌ನ ಕಾಡಲ್ಲಿ ಒಂದು ಬಕೆಟ್ ಇಟ್ಟರು. ಒಳಗೆ ಪುಸ್ತಕ, ಕ್ಯಾಟರ್‌ಬಿಲ್ಲು, ಒಂದು ಟಿನ್ ಬೀನ್ಸ್!

ಈಗ ನಾನಿರೋ ಅಮೆರಿಕದ ಊರಲ್ಲಿ ಪಾರ್ಕಿಂಗ್ ಲಾಟ್‌ನ ದೀಪದ ಕಂಬದ ಬುಡ ಎತ್ತಿದರೆ ಡಬ್ಬಿ. ಇವತ್ತು ಐವತ್ತು ಸಿಕ್ತು ಅನ್ನೋರಿದ್ದಾರೆ. ಕಂಬದ್ದಕ್ಕೂ ಒಂದೇ ಲೆಕ್ಕ, ಬೆಟ್ಟ ಹತ್ತಿದ್ದಕ್ಕೂ ಒಂದೇ ಲೆಕ್ಕ. ನನಗಂತೂ ಅದು ಬರೀ ಹಾಜರಿ ಹಾಕಿದ ಹಾಗೆ.

ಮಜಾ ಇರೋದು ಮಿಸ್ಟರಿ ಕ್ಯಾಶ್‌ಗಳಲ್ಲಿ. ಕೊಟ್ಟಿರೋ ಜಾಗ ಸುಳ್ಳು, ಒಗಟು ಬಿಡಿಸಿದರೇ ನಿಜವಾದ ಜಾಗ. ಇನ್ನು ಕೆಲವಕ್ಕೆ ರಾತ್ರೀನೇ ಹೋಗಬೇಕು. ಟಾರ್ಚ್ ಬಿಟ್ಟಾಗ ಮರಗಳಿಗೆ ಚುಚ್ಚಿದ ಪಿನ್ನುಗಳು ಬೆಕ್ಕಿನ ಕಣ್ಣಿನ ಹಾಗೆ ಹೊಳೆದು ದಾರಿ ತೋರಿಸ್ತವೆ. ಗುರುತಿಲ್ಲದ ಯಾರೋ ನಮಗೋಸ್ಕರ ಕೂತು ಇಷ್ಟೆಲ್ಲಾ ಯೋಚಿಸಿದ್ದಾರಲ್ಲ!

ಹೋದ ತಿಂಗಳು ಒಂದು ಒಗಟಿಗೆ ನಾನೂ ಮಗಳೂ ಮೂರು ವಾರ ತಲೆ ಕೆರ್ಕೊಂಡ್ವಿ. ಅವಳಿಗೆ ಹದಿನಾಲ್ಕು. ನನ್ನ ಹತ್ರ "ಹೂಂ", "ಉಹೂಂ" ಬಿಟ್ಟು ಮಾತಿಲ್ಲದೆ ಎಷ್ಟೋ ದಿನ ಆಗಿತ್ತು. ಉತ್ತರ ಹೊಳೆದದ್ದು ಅವಳಿಗೇ. ಕಾಡಲ್ಲಿ ಎರಡು ಗಂಟೆ ಹುಡುಕಿದರೂ ಡಬ್ಬಿ ಸಿಗಲಿಲ್ಲ. ವಾಪಸ್ ಬರುವಾಗ ಕಾರಲ್ಲಿ ದಾರಿಯುದ್ದಕ್ಕೂ ಅವಳದೇ ಮಾತು.. ಆ ಬಿದ್ದ ಮರದ ಪೊಟರೆ ಸರಿಯಾಗಿ ನೋಡಿದ್ವಾ ಅಪ್ಪಾ, ಅಂತ.

ಶನಿವಾರ ಮತ್ತೆ ಹೊರಟಿದ್ದೀವಿ :)