ಭಾರತರತ್ನದ ತಕ್ಕಡಿಗೆ ಮುದ್ರೆ ಹಾಕುವವರು ಯಾರು?

ಗಣರಾಜ್ಯೋತ್ಸವ ಹತ್ತಿರ ಬಂತೆಂದರೆ ತುಮಕೂರಿನ ಕಡೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. 'ನಮ್ಮ ಬುದ್ಧಿಯವರಿಗೆ ಭಾರತರತ್ನ ಯಾಕೆ ಕೊಡಲಿಲ್ಲ?'

ಪ್ರಶ್ನೆಯಲ್ಲಿ ಹುರುಳಿದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದದ್ದು 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ. ಜಾತಿ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟ ಮಠ ಅದು. ಅವರಿಗೆ ಭಾರತರತ್ನ ಕೊಡಿ ಎಂದು ರಾಜ್ಯದ ಮುಖಂಡರು ಪಕ್ಷಭೇದ ಮರೆತು ಕೇಳಿದ್ದರು. ನಾಲ್ಕೇ ದಿನಕ್ಕೆ, ಜನವರಿ 25ರಂದು, ದೆಹಲಿಯಿಂದ ಪಟ್ಟಿ ಬಂತು. ಪ್ರಣವ್ ಮುಖರ್ಜಿ, ನಾನಾಜಿ ದೇಶಮುಖ್, ಭೂಪೇನ್ ಹಜಾರಿಕಾ ಎಂದು ಮೂರು ಹೆಸರು. ಸ್ವಾಮೀಜಿಯವರ ಹೆಸರಿಲ್ಲ. 2015ರ ಪದ್ಮಭೂಷಣಕ್ಕೇ ಮಾತು ನಿಂತಿತು.

ಆ ಮೂವರು ಯೋಗ್ಯರಲ್ಲ ಅಂತ ಇಲ್ಲಿ ಯಾರೂ ಅನ್ನುತ್ತಿಲ್ಲ. ಅವರಿಗೆ ಯಾಕೆ ಹೌದು, ಇವರಿಗೆ ಯಾಕೆ ಅಲ್ಲ ಅನ್ನೋದನ್ನು ಹೇಳೋರು ಯಾರು? ತಕರಾರು ಇರುವುದು ಅಲ್ಲಿ.

ಅರ್ಜಿಯಿಲ್ಲ, ಸಮಿತಿಯಿಲ್ಲ

ಪದ್ಮ ಪ್ರಶಸ್ತಿಗಾದರೂ ಒಂದು ಸಮಿತಿಯಿದೆ. ಯಾರು ಬೇಕಾದರೂ ಹೆಸರು ಸೂಚಿಸಬಹುದು, ಅಂಗಡಿಯವರೂ ಸೂಚಿಸಬಹುದು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೊಂದು ಶಾಲೆ ತಂದ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ನೆನಪಿದೆ. ಭಾರತರತ್ನದ ದಾರಿಯೇ ಬೇರೆ. ಪ್ರಧಾನಿ ರಾಷ್ಟ್ರಪತಿಗೆ ಶಿಫಾರಸು ಮಾಡಿದರೆ ಮುಗೀತು. ವರ್ಷಕ್ಕೆ ಮೂರು ಮೀರಬಾರದು ಎಂಬ ಕಟ್ಟಳೆಯಿದೆ. 1999ರಲ್ಲಿ ನಾಲ್ಕಾಯಿತು, 2024ರಲ್ಲಿ ಐದಾಯಿತು.

ಇಸವಿಗಳನ್ನು ಸ್ವಲ್ಪ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ.ಆರ್. ತೀರಿಕೊಂಡದ್ದು 1987ರ ಡಿಸೆಂಬರಿನಲ್ಲಿ. 1988ರಲ್ಲೇ ಭಾರತರತ್ನ ಬಂತು. 1989ರ ಜನವರಿಯಲ್ಲಿ ಅಲ್ಲಿ ಚುನಾವಣೆ! ಸಂವಿಧಾನ ರೂಪಿಸಿದ ಅಂಬೇಡ್ಕರ್ ಕಣ್ಮುಚ್ಚಿದ್ದು 1956ರಲ್ಲಿ. ಅವರ ಸರದಿ ಬಂದದ್ದು ಎಂ.ಜಿ.ಆರ್. ನಂತರ, 1990ರಲ್ಲಿ. ಸರ್ದಾರ್ ಪಟೇಲರು 1991ರವರೆಗೆ ಕಾಯಬೇಕಾಯಿತು.

2024ರ ಐವರಲ್ಲಿ ಅಡ್ವಾಣಿಯವರನ್ನು ಬಿಟ್ಟರೆ ಉಳಿದ ನಾಲ್ವರೂ ಆಗಲೇ ತೀರಿಹೋಗಿದ್ದರು. ಕರ್ಪೂರಿ ಠಾಕೂರ್ ತೀರಿಕೊಂಡದ್ದು 1988ರಲ್ಲಿ, ಚರಣ್ ಸಿಂಗ್ 1987ರಲ್ಲಿ, ನರಸಿಂಹ ರಾಯರು 2004ರಲ್ಲಿ, ಕೃಷಿ ವಿಜ್ಞಾನಿ ಸ್ವಾಮಿನಾಥನ್ 2023ರಲ್ಲಿ. ಇಷ್ಟು ವರ್ಷ ಇಲ್ಲದ ನೆನಪು ಲೋಕಸಭಾ ಚುನಾವಣೆಗೆ ಎರಡು ಮೂರು ತಿಂಗಳಿರುವಾಗ ಬಂತು. ಯಾವ ಪಕ್ಷದ ಸರ್ಕಾರವಾದರೂ ಅಷ್ಟೇ ಬಿಡಿ.

ಇದರಲ್ಲಿ ತಮಾಷೆಯೂ ಉಂಟು. 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಈ ಪ್ರಶಸ್ತಿಗಳನ್ನೇ ನಿಲ್ಲಿಸಿತು. 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ ವಾಪಸ್ ತಂದಿತು. 1991ರಲ್ಲಿ ಅದೇ ಮೊರಾರ್ಜಿಯವರಿಗೆ ಭಾರತರತ್ನ ಬಂತು!

ಹೆಸರಿಗೆ ಹಚ್ಚುವಂತಿಲ್ಲ

ಹಾಗಂತ ಎಲ್ಲವೂ ಓಟಿನ ಆಟವೆಂದು ತಳ್ಳಿಹಾಕುವುದು ತಪ್ಪು. 1955ರಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ, 2008ರಲ್ಲಿ ಗದಗ ಸೀಮೆಯ ಭೀಮಸೇನ ಜೋಶಿ, 2014ರಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಈ ಗೌರವ ಪಡೆದರು. ಮೂವರಿಗೂ ಬದುಕಿದ್ದಾಗಲೇ ಬಂತು. ಆಗ ಚುನಾವಣೆ ಯಾವಾಗ ಅಂತ ಯಾರೂ ಕ್ಯಾಲೆಂಡರ್ ತಿರುವಿ ನೋಡಲಿಲ್ಲ.

ಭಾರತರತ್ನದ ಜೊತೆ ಹಣ ಬರುವುದಿಲ್ಲ. ಇದು ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಫ್ಲೆಕ್ಸ್ ಬರೆಸುವ ಅಭಿಮಾನಿಗಳು ಇದನ್ನು ತಿಳಿದಿದ್ದರೆ ಒಳ್ಳೆಯದು. ದುಡ್ಡೂ ಇಲ್ಲ, ಬಿರುದೂ ಇಲ್ಲ ಅಂದಮೇಲೆ ಉಳಿಯೋದು ಮರ್ಯಾದೆ ಒಂದೇ. ಕೊಟ್ಟ ಕಾರಣ ಜನಕ್ಕೆ ಒಪ್ಪಿಗೆಯಾದರೆ ಮಾತ್ರ ಅದಕ್ಕೆ ಬೆಲೆ.

ಅಂಗಡಿಯವರು ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಹಾಕಿಸಬೇಕು, ತಪ್ಪಿದರೆ ದಂಡ. ದೆಹಲಿಯ ಈ ತಕ್ಕಡಿಗೆ ಮುದ್ರೆಯೇ ಇಲ್ಲ. ಭಾರತರತ್ನಕ್ಕೂ ಒಂದು ಸಮಿತಿ ಬೇಕು. ಯಾರಿಗೆ, ಯಾತಕ್ಕೆ ಎಂಬ ಕಾರಣವನ್ನು ಅದು ಬರೆದು ಪ್ರಕಟಿಸಬೇಕು. ಸ್ವಾಮೀಜಿಯವರ ಹೆಸರಿನಲ್ಲಿ ಮನವಿ ಕೊಡುವವರು ಇದನ್ನೂ ಒಂದು ಸಾಲು ಸೇರಿಸಿ ಕೇಳಲಿ. ಇಲ್ಲದಿದ್ದರೆ ನಾಳೆ ಅವರ ಹೆಸರು ಬಂದರೂ ಬಸ್ಸಿನಲ್ಲಿ ಕೂತವರು ಮೊದಲು ಕೇಳೋದು, 'ಹೌದಾ? ಎಲೆಕ್ಷನ್ ಯಾವಾಗಂತೆ?'