ಕೊಳದಂಚಿನ ನೆಲ

ಬೇಸಗೆ ರಜೆಯಲ್ಲಿ ಮಕ್ಕಳನ್ನು ಈಜು ಕಲಿಯಲು ಕಳುಹಿಸುವ ಹೆತ್ತವರು ನಮ್ಮ ಕಾಸರಗೋಡಿನಲ್ಲಿಯೂ ಈಗ ಕಡಿಮೆಯಿಲ್ಲ. ಹಿಂದೆ ತೋಟದ ಕೆರೆಯಲ್ಲಿ, ಹೊಳೆಯಲ್ಲಿ ಹಿರಿಯರ ಕಣ್ಣೆದುರು ನಡೆಯುತ್ತಿದ್ದ ಕಲಿಕೆ ಇಂದು ಕಾಂಕ್ರೀಟಿನ ಈಜುಕೊಳಕ್ಕೆ ಬಂದಿದೆ. ನೀರೆಷ್ಟು ಆಳ, ಅದು ಶುದ್ಧವೇ, ಕಲಿಸುವವರು ಯಾರು ಎಂದು ನಾವು ವಿಚಾರಿಸುತ್ತೇವೆ. ಕೊಳದ ಸುತ್ತಣ ನೆಲದ ಕುರಿತು ಕೇಳುವವರು ವಿರಳ. ಆದರೆ ಮಗು ನೀರಿನಿಂದ ಮೇಲೆದ್ದು ಒದ್ದೆಗಾಲಿನಲ್ಲಿ ಓಡುವುದು ಆ ನೆಲದ ಮೇಲೆಯೇ. ಅದಕ್ಕೆ ಬಳಿದ ಬಣ್ಣ ಎಂಥದು ಎಂಬುದು ಅಂದಚಂದದ ಪ್ರಶ್ನೆಯಷ್ಟೇ ಅಲ್ಲ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿದಾಗ ಮನೆಯಿಂದ ಕೊಟ್ಟಿಗೆಯವರೆಗೆ ಅಡಿಕೆಯ ಸೋಗೆ ಹಾಸುತ್ತಿದ್ದರು. ಕೆರೆಯ ಮುರಕಲ್ಲಿನ ಮೆಟ್ಟಿಲನ್ನು ನಯಗೊಳಿಸಲು ಯಾರೂ ಹೊರಡಲಿಲ್ಲ. ಅದರ ಒರಟು ಮೈಯೇ ಪಾದಕ್ಕೆ ಆಧಾರವಾಗಿತ್ತು. ಕಾಂಕ್ರೀಟ್ ಹಾಕುವ ಅನುಭವಸ್ಥ ಮೇಸ್ತ್ರಿಯೂ ಮೇಲ್ಮೈ ಹಸಿಯಿರುವಾಗಲೇ ಹಿಡಿಸೂಡಿಯನ್ನು ಎಳೆದು ಸಣ್ಣ ಗೆರೆಗಳನ್ನು ಮೂಡಿಸುತ್ತಾನೆ. ಅದರ ಮೇಲೆ ಹೊಳಪಿನ ಬಣ್ಣವನ್ನು ದಪ್ಪವಾಗಿ ಬಳಿದರೆ ಗೆರೆಗಳೂ ಸೂಕ್ಷ್ಮ ರಂಧ್ರಗಳೂ ಮುಚ್ಚಿಹೋಗುತ್ತವೆ. ನೀರು ತೆಳುವಾದ ಪದರವಾಗಿ ಮೇಲೆಯೇ ನಿಲ್ಲುತ್ತದೆ. ಪಾದ ನೆಲವನ್ನು ಮುಟ್ಟುವುದಕ್ಕೆ ಬದಲಾಗಿ ಆ ನೀರಿನ ಮೇಲೆ ಜಾರುತ್ತದೆ.

ಬಾಗಿಲು, ಕಿಟಕಿಗಳಿಗೆ ಬಳಿದು ಉಳಿದ ಇನಾಮೆಲ್ ಬಣ್ಣವನ್ನು ನೆಲಕ್ಕೂ ಬಳಿಯುವವರಿದ್ದಾರೆ. ಅದು ಬಾಳದಿರುವುದಕ್ಕೆ ಕಾರಣವನ್ನು ಪ್ರೌಢಶಾಲೆಯ ಮಕ್ಕಳೂ ಹೇಳಬಲ್ಲರು. ಕಾಂಕ್ರೀಟಿನಲ್ಲಿ ಪ್ರಬಲವಾದ ಕ್ಷಾರವಿದೆ. ಹೊಸ ಕಾಂಕ್ರೀಟಿನ ಪಿ.ಎಚ್. ಬೆಲೆ 12ಕ್ಕೂ ಮಿಗಿಲು. ಕ್ಷಾರವೂ ಎಣ್ಣೆಯೂ ಕೂಡಿದರೆ ಸಾಬೂನು ಆಗುತ್ತದೆ ಎಂಬುದು ಪಾಠಪುಸ್ತಕದ ಮಾತು. ತೇವ ಸೇರಿದಾಗ ಎಣ್ಣೆ ಬಣ್ಣದ ಅಡಿಯಲ್ಲಿ ನಡೆಯುವುದೂ ಅದೇ. ಬಣ್ಣ ಮೆತ್ತಗಾಗಿ, ಗುಳ್ಳೆಯೆದ್ದು, ಸಿಪ್ಪೆಯಂತೆ ಏಳುತ್ತದೆ. ಎಪಾಕ್ಸಿ ಬಣ್ಣ ಗಟ್ಟಿಯಾದದ್ದೇ. ಆದರೆ ತೆರೆದ ಬಿಸಿಲಿಗೆ ಅದರ ಮೈ ಪುಡಿಯಾಗುತ್ತದೆ. ಬಯಲಿನಲ್ಲಿರುವ ಕೊಳದಂಚಿಗೆ ನೆಲಕ್ಕೆಂದೇ ತಯಾರಾದ ಅಕ್ರಿಲಿಕ್ ಬಣ್ಣ ಹೆಚ್ಚು ಹೊಂದುತ್ತದೆ. ಅಡಿಯಿಂದ ಬರುವ ತೇವ ಆವಿಯಾಗಿ ಹೊರಹೋಗಲು ಅದು ತಕ್ಕಮಟ್ಟಿಗೆ ಎಡೆಗೊಡುತ್ತದೆ.

ಬಳಿಯುವ ಮೊದಲು ನೆಲ ಒಣಗಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿರಿಸಿ, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಅಂಟಿಸಿ, 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ, ನೆಲ ಕಪ್ಪಾಗಿದ್ದರೆ, ಇನ್ನೂ ಕಾಯಬೇಕೆಂದೇ ಅರ್ಥ. ಅನಂತರ ಪಾಚಿ, ಎಣ್ಣೆಯ ಜಿಡ್ಡು, ಸಡಿಲವಾದ ಹಳೆಯ ಬಣ್ಣ ಇವನ್ನೆಲ್ಲ ತೆಗೆದು, ಬಿರುಕುಗಳನ್ನು ತುಂಬಿ, ಒಂದು ಹನಿ ನೀರು ಹಾಕಿ ನೋಡಬೇಕು. ನೀರು ಇಂಗಿದರೆ ಬಣ್ಣವೂ ಹಿಡಿಯುತ್ತದೆ. ಇಂಗದಿದ್ದರೆ ಮೇಲ್ಮೈಯನ್ನು ಉಜ್ಜಿ ಒರಟುಗೊಳಿಸಬೇಕು. ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುವ ರೂಢಿಯೂ ಇದೆ. ಅದು ಬಲ್ಲವರ ಕೆಲಸ. ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ, ಮತ್ತು ಆ ಹೊತ್ತಿನಲ್ಲಿ ಮಕ್ಕಳು ಹತ್ತಿರ ಇರಕೂಡದು.

ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಮೇಲು. ಕೊನೆಯ ಲೇಪಕ್ಕೆ ತೊಳೆದು ಒಣಗಿಸಿದ ನುಣುಪು ಮರಳನ್ನು ಸೇರಿಸಿದರೆ ಪಾದಕ್ಕೆ ಹಿಡಿತ ಸಿಗುತ್ತದೆ. ಗಾಢ ವರ್ಣ ಏಪ್ರಿಲಿನ ಬಿಸಿಲಿಗೆ ಅಂಗಾಲನ್ನು ಸುಡುತ್ತದೆ. ಅಚ್ಚ ಬಿಳಿ ಕಣ್ಣು ಕೋರೈಸುತ್ತದೆ. ತಿಳಿ ಬೂದು, ಮರಳಿನ ಬಣ್ಣಗಳು ಲೇಸು. ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ಇಳಿಜಾರಿಲ್ಲದೆ ನೀರು ನಿಲ್ಲುವ ನೆಲಕ್ಕೆ ಯಾವ ಬಣ್ಣವೂ ಪರಿಹಾರವಲ್ಲ.

ಈಜುಕೊಳಕ್ಕೆ ಹೇಳಿದ್ದೆಲ್ಲ ನಮ್ಮ ಶಾಲೆಗಳ ಬಾವಿಕಟ್ಟೆಗೂ ಕೈ ತೊಳೆಯುವ ನಳ್ಳಿಯ ಕಟ್ಟೆಗೂ ಸಲ್ಲುತ್ತದೆ. ಮಧ್ಯಾಹ್ನದೂಟದ ಬಳಿಕ ನೂರಾರು ಮಕ್ಕಳು ತಟ್ಟೆ ಹಿಡಿದು ನೂಕಾಡುವ ಜಾಗವದು. ಪ್ರವೇಶೋತ್ಸವಕ್ಕೆ ಶಾಲೆ ಹೊಳೆಯಬೇಕೆಂಬ ಉತ್ಸಾಹದಲ್ಲಿ ಮೇ ತಿಂಗಳ ಕೊನೆಯ ವಾರ ಅಲ್ಲಿಗೂ ಬಣ್ಣ ಬೀಳುತ್ತದೆ. ಹೊಸ ಕಾಂಕ್ರೀಟಿಗೆ ಬಣ್ಣ ಬಳಿಯುವ ಮುನ್ನ ಕನಿಷ್ಠ 28 ದಿನಗಳಾದರೂ ಕಳೆಯಬೇಕು. ಪತ್ತನಾಜೆ ಕಳೆಯಿತೆಂದರೆ ನಮ್ಮ ನಾಡಿನಲ್ಲಿ ಆಕಾಶವನ್ನು ನಂಬುವಂತಿಲ್ಲ. ಅಂದರೆ ಕಾಂಕ್ರೀಟಿನ ಕೆಲಸ ಮಾರ್ಚಿನಲ್ಲಿ, ಬಣ್ಣದ ಕೆಲಸ ಮೇ ತಿಂಗಳ ಮೊದಲ ವಾರಗಳಲ್ಲಿ ಮುಗಿಯಬೇಕು. ಅಷ್ಟು ಕಾಲಾವಕಾಶವಿಲ್ಲದಿದ್ದರೆ ಈ ವರ್ಷ ಆ ನೆಲವನ್ನು ಬರಿದಾಗಿಯೇ ಬಿಡುವುದು ವಿವೇಕ. ಗೆರೆಯೆಳೆದ ಬರಿಯ ಕಾಂಕ್ರೀಟು ಕಣ್ಣಿಗೆ ಸೊಗಸಲ್ಲದಿದ್ದರೂ ಮಗುವನ್ನು ಕೆಡವದು. ಗೋಡೆಗೆ ಎಷ್ಟು ಬೇಕಾದರೂ ಬಣ್ಣ ಬಳಿಯೋಣ.

ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಬಣ್ಣದ ಲೆಕ್ಕ ಮಂಡನೆಯಾಗುವಾಗ ಮೂರು ಪ್ರಶ್ನೆಗಳನ್ನು ಕೇಳಬಹುದು: ನೆಲಕ್ಕೆ ಯಾವ ಬಣ್ಣ, ಅದರಲ್ಲಿ ಮರಳು ಸೇರಿದೆಯೇ, ಒಣಗಲು ಎಷ್ಟು ದಿನ ಬಿಟ್ಟಿದ್ದಾರೆ? ಕೆಲಸ ಮುಗಿದ ಮೇಲೆ ಒಂದು ಕೊಡ ನೀರು ಸುರಿದು, ಪಕ್ಕದ ಗೋಡೆಯನ್ನು ಹಿಡಿದುಕೊಂಡು, ದೊಡ್ಡವರೊಬ್ಬರು ಬರಿಗಾಲಿನಲ್ಲಿ ನಿಂತು ನೋಡಲಿ. ಕಾಲು ಜಾರಿದರೆ ಆ ಕೆಲಸ ಇನ್ನೂ ಮುಗಿದಿಲ್ಲ.